ಬಿಚ್ಚಿಟ್ಟ ಕಾರು

ಮರಾಠಿ ಸೀಮೆಯ ಹಡಪಸರದಲ್ಲಿ ನಾವಿದ್ದದ್ದು ಸೋಲಾಪುರ ರಸ್ತೆಯಿಂದ ಒಳಕ್ಕೆ ಸರಿದ ಒಂದು ಗಲ್ಲಿಯ ಕೊನೆಯ ಮನೆಯಲ್ಲಿ. ಒಂದೇ ಸಾಲಿಗೆ ನಾಲ್ಕು ಕೋಣೆ, ಮೇಲೆ ತಗಡಿನ ಪತ್ರಾ, ಮುಂದೆ ಮಣ್ಣಿನ ಅಂಗಳ. ಎಡಗಡೆಯ ಎರಡು ಕೋಣೆಗಳಲ್ಲಿ ಅಪ್ಪ, ಅವ್ವ, ನಾನು. ಬಲತುದಿಯ ಕೋಣೆಯಲ್ಲಿ ಅಪ್ಪನ ತಮ್ಮ ವಸಂತ ಕಾಕಾ ಮತ್ತು ಅವನ ಹೆಂಡತಿ ಸುಧಾ ಕಾಕು. ನಡುವಿನದು ಎಲ್ಲರಿಗೂ ಸೇರಿದ ಅಡಿಗೆಮನೆ. ಅಂಗಳದಲ್ಲಿ ಒಂದು ಪೇರಲ ಗಿಡ, ಬೋರಿನ ಪಂಪು, ಕಾಕಾನ ಸ್ಕೂಟರು, ಮತ್ತು ತಗಡಿನ ಚಪ್ಪರದ ಕೆಳಗೆ ಒಂದು ಬೂದಿಬಣ್ಣದ ಹಳೆಯ ಕಾರು. ಕಾರನ್ನು ಅಣ್ಣ ತಮ್ಮ ಕೂಡಿಯೇ ತಂದಿದ್ದರು. ಮಿಲಿಟರಿ ಕ್ಯಾಂಪಿನಲ್ಲಿ ಯಾರದೋ ಬಂಗಲೆಯ ಹಿಂದೆ ಬಿದ್ದಿದ್ದನ್ನು ಹಗ್ಗ ಕಟ್ಟಿ ಎಳೆದು ತಂದು, ಒಂದು ಬೇಸಿಗೆಯೆಲ್ಲ ಅಂಗಳದಲ್ಲೇ ಕೂತು ಅದಕ್ಕೆ ಜೀವ ತುಂಬಿದ್ದರು. ಅಪ್ಪ ಒಂದು ಕಾರಖಾನೆಯ ಸ್ಟೋರಿನಲ್ಲಿ ಗುಮಾಸ್ತ, ಕಾಕಾ ಇನ್ನೊಂದರಲ್ಲಿ ಫಿಟ್ಟರ್. ವಾರವಿಡೀ ಬೇರೆಯವರ ಯಂತ್ರಗಳ ನಡುವೆ ಇದ್ದು, ರವಿವಾರ ತಮ್ಮದೇ ಯಂತ್ರಗಳ ಮುಂದೆ ಕೂಡುತ್ತಿದ್ದರು. ಪಂಪು ಸೋರಿದರೆ, ಸ್ಕೂಟರಿನ ಕ್ಲಚ್ಚು ಜಾರಿದರೆ, ಅವ್ವನ ಹೊಲಿಗೆ ಯಂತ್ರದ ಪಟ್ಟಿ ಸಡಲಿದರೆ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯ ಟಾವೆಲ್ಲುಗಳಿಗೆಲ್ಲ ಗ್ರೀಸಿನ ವಾಸನೆ ಇರುತ್ತಿತ್ತು. ಬೇರೆ ಮನೆಯ ಟಾವೆಲ್ಲಿಗೆ ಆ ವಾಸನೆ ಇರುವುದಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ತಡವಾಗಿ, ಗೆಳತಿಯೊಬ್ಬಳ ಮನೆಯಲ್ಲಿ ಮುಖ ತೊಳೆದಾಗ.

ಆ ರವಿವಾರಗಳಲ್ಲಿ ಅಂಗಳ ತುಂಬ ಮಾತಿರುತ್ತಿತ್ತು. ಕಾಕಾ ಕಾರಿನ ಕೆಳಗೆ ಮಲಗಿಕೊಂಡೇ ಜಗಳವಾಡುತ್ತಿದ್ದ, ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಉತ್ತರ ಕೊಡುತ್ತಿದ್ದ. ನಟ್ಟು ಬಿಗಿ ಮಾಡುವ ಪಾನಾ ಯಾರು ಎಲ್ಲಿ ಒಗೆದರು ಎಂಬುದರಿಂದ ಹಿಡಿದು, ಊರಲ್ಲಿ ಅಜ್ಜ ಸಾಯುವ ಮುಂದೆ ಯಾರ ಹೆಸರು ಮೊದಲು ಹಿಡಿದ ಎಂಬುವವರೆಗೆ ಜಗಳ. ಅವ್ವ ಅಡಿಗೆಮನೆಯ ಬಾಗಿಲಿಂದ "ಇಬ್ಬರೂ ಉಣ್ಣಲಿಕ್ಕೆ ಏಳ್ತೀರೋ, ಅಲ್ಲೇ ತಂದು ಎಂಜಿನ್ನಿನ ಮ್ಯಾಲೆ ಬಡಿಸ್ಲೋ" ಎಂದು ಕೂಗುತ್ತಿದ್ದಳು. ಕೈಗೆ ಸೀಮೆಎಣ್ಣೆ ಹಚ್ಚಿ, ಬೂದಿಯಿಂದ ತಿಕ್ಕಿ, ತೊಳೆದುಕೊಂಡು ಬಂದು ಉಣ್ಣಲು ಕೂತಾಗಲೂ ಜಗಳ ನಿಲ್ಲುತ್ತಿರಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿಯ ಜೊತೆಗೆ ಅದೂ ಒಂದು ಬಡಿಸುವ ಪದಾರ್ಥದಂತೆ ನಮ್ಮ ತಾಟಿಗೆ ಬೀಳುತ್ತಿತ್ತು.

ಕಾಕು ಬಸುರಿಯಾದಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಆಕೆಯ ತವರು ದೌಂಡ. ಆಕೆಯ ಅಣ್ಣನಿಗೆ ಅಲ್ಲಿ ರೇಲ್ವೆಯ ಕೆಲಸ. ಚೊಚ್ಚಲು ತವರಲ್ಲೇ ಆಗಬೇಕಿತ್ತು, ಆದರೆ ಆಕೆಯ ಅವ್ವನಿಗೆ ಮೈ ಸರಿಯಿರಲಿಲ್ಲವಾದ್ದರಿಂದ ಹೆರಿಗೆ ಇಲ್ಲೇ ಎಂದು ಗೊತ್ತಾಯಿತು. ದಿನ ತುಂಬಲು ಇನ್ನೂ ಸ್ವಲ್ಪ ಉಳಿದಿರುವಾಗ ಒಂದು ರವಿವಾರ ಬೆಳಿಗ್ಗೆ ಅಪ್ಪ ಕಾರಿನ ಕಾರ್ಬೊರೇಟರ್ ಬಿಚ್ಚಿದ. ಕೆಲ ದಿನಗಳಿಂದ ಕಾರು ಒಮ್ಮೆಗೇ ಹಿಡಿಯುತ್ತಿರಲಿಲ್ಲ, ಕೆಮ್ಮಿ ಕೆಮ್ಮಿ ಬಂದ್ ಆಗುತ್ತಿತ್ತು. ಹೆರಿಗೆಯ ಹೊತ್ತಿಗೆ ಅದು ಕೈಕೊಡಬಾರದು ಎಂದೇ ಅವನು ಬಿಚ್ಚಿದ್ದು. ಅವ್ವನ ಹಳೆಯ ಸೀರೆಯ ತುಂಡು ಹಾಸಿ, ಅದರ ಮೇಲೆ ಒಂದೊಂದೇ ಭಾಗ ಸಾಲಾಗಿ ಇಟ್ಟಿದ್ದ. ಪೆಟ್ರೋಲು ಹಾಯುವ ಹಿತ್ತಾಳೆಯ ಸಣ್ಣ ಸಣ್ಣ ತಿರುಪುಗಳು ಒಂದು ಬಟ್ಟಲಲ್ಲಿ ನೆನೆಯುತ್ತಿದ್ದವು. ಅವುಗಳ ತೂತಿನೊಳಗಿಂದ ಸೂರ್ಯನನ್ನು ನೋಡಿ, ಊದಿ, ಮತ್ತೆ ನೋಡುತ್ತಿದ್ದ. ಆಗ ಕಾಕು ಅಡಿಗೆಮನೆಯಿಂದ ಹೊರಗೆ ಬಂದು, ಪೇರಲ ಗಿಡ ಹಿಡಿದುಕೊಂಡು ಹಾಗೇ ಕೆಳಗೆ ಕೂತಳು. ಅವ್ವ ಓಡಿಬಂದು ಆಕೆಯ ಮುಖ ನೋಡಿದಳು, ಆಮೇಲೆ ಕಾರಿನ ಕಡೆ ನೋಡಿದಳು.

"ಅಯ್ಯ, ಇದನ್ನ್ಯಾಕ ಇವತ್ತ ಬಿಚ್ಚೀರಿ?" ಎಂದಳು.

ಕಾಕಾ ರಿಕ್ಷಾ ಹುಡುಕಲು ರಸ್ತೆಗೆ ಓಡಿದ. ಅಪ್ಪ ಭಾಗಗಳನ್ನು ಕೂಡಿಸಲು ಕೂತ. ಒಂದು ತಿರುಪು ಬೆರಳಿನಿಂದ ಜಾರಿ ಮಣ್ಣಿನಲ್ಲಿ ಬಿತ್ತು. ಅದನ್ನು ಹುಡುಕಿ, ತೊಳೆದು, ಹಾಕಿ, ಬಿಗಿ ಮಾಡಿ, ಪೈಪು ಸಿಗಿಸುವಷ್ಟರಲ್ಲಿ ರಿಕ್ಷಾ ಬಂತು. ಅವ್ವ ಮತ್ತು ಕಾಕಾ ಕಾಕುವನ್ನು ನಡುವೆ ಕೂಡಿಸಿಕೊಂಡು ಹೋದರು. ರಿಕ್ಷಾ ಗಲ್ಲಿಯ ತಿರುವು ದಾಟಿದ ಮೇಲೆ ಕಾರು ಚಾಲೂ ಆಯಿತು, ಒಂದೇ ಸಲಕ್ಕೆ. ಅಪ್ಪ ನನ್ನನ್ನು ಪಕ್ಕದ ಮನೆಯವರ ಬಳಿ ಬಿಟ್ಟು, ಕೈ ಕೂಡ ತೊಳೆಯದೆ ಅವರ ಹಿಂದೆ ಹೋದ. ಸಂಜೆ ಎಲ್ಲರಿಗಿಂತ ಮೊದಲು ತಿರುಗಿ ಬಂದವನೂ ಅವನೇ. ಬಂದು, ಅಂಗಳದಲ್ಲಿ ಇನ್ನೂ ಹಾಸಿಯೇ ಇದ್ದ ಸೀರೆಯ ತುಂಡನ್ನು ಮಡಚಿ ಇಟ್ಟ. ಹೆಣ್ಣು ಕೂಸಾಗಿತ್ತು, ಉಳಿಯಲಿಲ್ಲ ಎಂದು ಪಕ್ಕದ ಮನೆಯ ಹೆಂಗಸಿಗೆ ಮರಾಠಿಯಲ್ಲಿ ಹೇಳಿದ. ನನಗೆ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಕೇಳಿಸಿಕೊಂಡೆ.

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಕಾಕು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವ್ವ ಆಕೆಗೆ ಬೆಲ್ಲ, ಒಣಕೊಬ್ಬರಿ, ಅಂಟು ಹಾಕಿದ ಉಂಡಿ ಮಾಡಿದಳು. ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದಳು. ಕೂಸಿಗೆಂದು ಹೊಲಿದಿಟ್ಟಿದ್ದ ಕುಂಚಿಗೆಗಳು ಟ್ರಂಕಿನ ತಳ ಸೇರಿದವು. ಕಾಕಾ ಪಾಳಿಯ ಮೇಲೆ ಹೋದ, ಬಂದ, ಉಂಡ. ದೂರದ ನೆಂಟರು ಬಂದಾಗ "ಕಾರು ಬಿಚ್ಚಿಟ್ಟಿದ್ದರಂತ, ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲಂತ" ಎಂದು ಅವ್ವನ ಹತ್ತಿರ ತಗ್ಗಿದ ದನಿಯಲ್ಲಿ ಅನ್ನುತ್ತಿದ್ದರು, ಅವ್ವ ಹೌದು ಎಂದು ತಲೆಯಾಡಿಸುತ್ತಿದ್ದಳು. ಮುಂದಿನ ರವಿವಾರ ಅಪ್ಪ ಕಾರಿನ ಹತ್ತಿರ ಹೋಗಲಿಲ್ಲ. ಅದರ ಮುಂದಿನ ರವಿವಾರ ಕಾಕಾನೇ ಹೋಗಿ ಬಾನೆಟ್ಟು ಎತ್ತಿದ. ಅಪ್ಪ ಮೆಲ್ಲಗೆ ಎದ್ದು ಹೋಗಿ ಅವನ ಪಕ್ಕಕ್ಕೆ ನಿಂತ.

"ವಸಂತಾ, ಪ್ಲಗ್ ತಗೀಲೇನು?" ಎಂದ.

ಅಪ್ಪ ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ ಕಾಕಾ ಎಂಜಿನ್ನನ್ನು ನೋಡುತ್ತ ನಿಂತು, ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದ.

"ಶೈಲೂ, ನಿಮ್ಮಪ್ಪಗ ಹೇಳು, ಇನ್ನ ಮ್ಯಾಲೆ ಒಂದು ಭಾಗ ಕೂಡಿಸಿದ ಮ್ಯಾಲೇನ ಇನ್ನೊಂದು ಬಿಚ್ಚಬೇಕು. ಕಾರು ಯಾವತ್ತೂ ತಯಾರ ಇರಬೇಕು."

ಅಪ್ಪ ನನ್ನ ಕಡೆ ನೋಡಿದ. ನಾನು ಅಷ್ಟನ್ನೂ ಹಾಗೇ ಹೇಳಿದೆ. "ಆತು ಅಂತ ಹೇಳು" ಎಂದ ಅಪ್ಪ. "ಆತಂತ" ಎಂದೆ. ಅಂದು ಶುರುವಾದದ್ದು ನಾನು ಎಂಟನೆಯ ಇಯತ್ತೆ ಮುಟ್ಟುವವರೆಗೂ ನಡೆಯಿತು.

ಕಾರು ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ಪ್ರತಿ ಸಂಜೆ ಕಾಕಾ ಅದನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಅದರ ದನಿ ಕೇಳುತ್ತ ಕೂತು, ಬಂದ್ ಮಾಡುತ್ತಿದ್ದ. ಪ್ರತಿ ರವಿವಾರ ಇಬ್ಬರೂ ಕೂಡಿ ಅದರ ಎಣ್ಣೆ, ನೀರು, ಬೆಲ್ಟು, ಬ್ಯಾಟರಿ ನೋಡುತ್ತಿದ್ದರು. ಅದು ಹೋಗುತ್ತಿದ್ದದ್ದು ಮಾತ್ರ ಎಲ್ಲಿಗೂ ಇಲ್ಲ. ಲಗ್ನಗಳಿಗೆ ನಾವು ಬಸ್ಸಿನಲ್ಲಿ ಹೋದೆವು, ಜ್ವರ ಬಂದರೆ ರಿಕ್ಷಾದಲ್ಲಿ ಹೋದೆವು. ನಾನು ಇಬ್ಬರ ನಡುವೆ ಪೇರಲ ಗಿಡದ ಬುಡದಲ್ಲಿ ಒಂದು ಮಣೆ ಹಾಕಿಕೊಂಡು ಕೂಡುತ್ತಿದ್ದೆ. ಪಾಠದ ಪುಸ್ತಕ ತೊಡೆಯ ಮೇಲಿರುತ್ತಿತ್ತು. ಕಾಕಾಗ ಹೇಳು ಬೆಲ್ಟ್ ಸಡಲಾಗೇದ. ನಿಮ್ಮಪ್ಪಗ ಹೇಳು ಹದಿನಾಲ್ಕರ ಪಾನಾ ಬೇಕು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿತ್ತು, ಇಬ್ಬರ ನಡುವೆ ಇದ್ದದ್ದು ಒಂದು ಮಾರು ಅಂತರ. ಆದರೂ ನಾನು ಹೇಳುವವರೆಗೆ ಯಾರ ಕೈಯೂ ಅಲ್ಲಾಡುತ್ತಿರಲಿಲ್ಲ. ಮೊದಮೊದಲು ನಾನು ಅಪ್ಪನ ಮಾತನ್ನು ಅಪ್ಪನ ಹಾಗೆ, ಕಾಕಾನ ಮಾತನ್ನು ಕಾಕಾನ ಹಾಗೆ ಹೇಳುತ್ತಿದ್ದೆ. ಒಂದು ಸಲ ಕಾಕಾ "ಹಂಗ ಆಡಿಸಿ ತೋರಿಸಬ್ಯಾಡ, ಬರೇ ಮಾತು ಹೇಳು" ಎಂದ. ಅಂದಿನಿಂದ ದನಿಯನ್ನು ತೆಗೆದುಬಿಟ್ಟು ಬರೀ ಮಾತನ್ನು ದಾಟಿಸುವುದನ್ನು ಕಲಿತೆ. ಯಾರ ಮಾತೂ ನನ್ನೊಳಗೆ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಟೀಚರ್ ಬೈದರೂ ಹೊಗಳಿದರೂ ನನ್ನ ಮುಖ ಒಂದೇ ಥರ ಇರುತ್ತದೆ ಎಂದು ಅವ್ವನಿಗೆ ದೂರು ಬಂತು. ನನ್ನ ಗಂಡ ಇಂದಿಗೂ ಅನ್ನುತ್ತಾನೆ: ನಿನಗ ಸಿಟ್ಟು ಬಂದ್ರೂ ರೇಡಿಯೋದಾಗ ಸುದ್ದಿ ಓದಿದಂಗ ಮಾತಾಡ್ತಿ.

ಹಬ್ಬಗಳು ಬಂದು ಹೋದವು. ಖಂಡೇನವಮಿಗೆ ಪಾನಾ, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು, ಕಾರಿನ ಮುಂದೆ ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಅಪ್ಪ ಆರತಿ ಮಾಡಿದರೆ ಕಾಕಾ ಕಾಯಿ ಒಡೆಯುತ್ತಿದ್ದ. ಅದಕ್ಕೆ ಮಾತು ಬೇಕಿರಲಿಲ್ಲ. ಮರುದಿನ ಬನ್ನಿ. ಸಣ್ಣವರು ದೊಡ್ಡವರ ಕೈಯಲ್ಲಿ ಬನ್ನಿ ಎಲೆ ಕೊಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನಬೇಕು. ಮೊದಲ ವರ್ಷ ಕಾಕಾ ಗುಡಿಯಿಂದ ಬಂದವನು ಅಂಗಳದಲ್ಲೇ ನಿಂತ. ಅಪ್ಪ ಒಳಗೆ ಮಣೆಯ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದ, ಹೊಸ ಅಂಗಿ ಹಾಕಿದ್ದ. ಕಾಕಾ ನನ್ನ ಕೈಯಲ್ಲಿ ಎಲೆ ಇಟ್ಟು "ನಿಮ್ಮಪ್ಪಗ ಕೊಡು" ಎಂದ. ನಾನು ಒಳಗೆ ಹೋಗಿ ಅಪ್ಪನಿಗೆ ಕೊಟ್ಟು, ಕಾಲು ಮುಟ್ಟಿ, ಕಾಕಾನ ಪರವಾಗಿ ಆ ಮಾತು ಹೇಳಿದೆ. ಅಪ್ಪ ತನ್ನ ಎಲೆ ನನ್ನ ಕೈಯಲ್ಲಿಟ್ಟ. ನಾನು ಹೊರಗೆ ಹೋಗಿ ಅಪ್ಪನ ಪರವಾಗಿ ಹೇಳಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು. ನನಗೆ ಏನೂ ಅನ್ನಿಸಲಿಲ್ಲ. ಕರಿಗಡಬು ತಿಂದೆ.

ಅವ್ವ ಮತ್ತು ಅಪ್ಪ ಜಗಳವಾಡುತ್ತಿದ್ದದ್ದು ಇದೊಂದೇ ವಿಷಯಕ್ಕೆ.

"ಸಣ್ಣಾಂವ ಅವ. ನೀವರ ಒಂದು ಮಾತು ಅನ್ನಬಾರದ? ತಪ್ಪಾತು ಅಂದ್ರ ಏನು ಹೋಗತದ ನಿಮ್ಮದು?"

"ಅನ್ನಲಿಕ್ಕೆ ಹೋಗಿದ್ದೆ. ಅವ ಎದ್ದು ಹೋದ."

"ಮತ್ತೊಮ್ಮೆ ಹೋಗ್ರಿ."

"ಎಷ್ಟು ಸಲ ಅಂದ್ರೂ ಅದು ತಿರುಗಿ ಬರತದೇನು?" ಎಂದು ಅಪ್ಪ ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ಏಳುತ್ತಿದ್ದ.

ಕಾಕುಗೆ ಆಮೇಲೆ ಮಕ್ಕಳಾಗಲಿಲ್ಲ. ಆಕೆ ಎಲ್ಲರ ಜೊತೆಗೂ ಮಾತಾಡುತ್ತಿದ್ದಳು, ಅಪ್ಪನ ಜೊತೆಗೂ. "ಭಾವನವರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ" ಎಂದು ಕೇಳುವಾಗ ಅವಳ ದನಿಯಲ್ಲಿ ಯಾವ ಕೊಂಕೂ ಇರುತ್ತಿರಲಿಲ್ಲ. ಅಪ್ಪ ಮಾತ್ರ ಆಕೆಯ ಕಡೆ ಮುಖವೆತ್ತದೆ ತಾಟಿಗೆ ಅಡ್ಡ ಕೈ ಹಿಡಿಯುತ್ತಿದ್ದ. ಉಳಿದ ಹೊತ್ತು ಆಕೆಯ ಮನಸ್ಸು ಎಲ್ಲಿಯೋ ಇರುತ್ತಿತ್ತು. ಹಾಲು ಉಕ್ಕುವುದನ್ನು ನೋಡುತ್ತ ನಿಂತೇ ಇರುತ್ತಿದ್ದಳು. ನಗುವುದನ್ನು ಮರೆತಿದ್ದಳು ಎಂದು ಹೇಳಲಾರೆ, ನಗುವ ಸಂದರ್ಭವೇ ಆ ಮನೆಯಲ್ಲಿ ಬರುತ್ತಿರಲಿಲ್ಲ.

ಬಂದದ್ದು ಬ್ರೇಕಿನಿಂದ. ಬ್ರೇಕಿನ ಪೈಪಿನಲ್ಲಿ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಹಿಂದೆ ಮಲಗಿ ಸಣ್ಣ ತಿರುಪು ಸಡಲಿಸಬೇಕು. ಗಾಳಿಯ ಗುಳ್ಳೆಗಳ ಜೊತೆ ಎಣ್ಣೆ ಹೊರಗೆ ಬರುತ್ತದೆ. ತಿರುಪು ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು, ಮುಂಚೆ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಒತ್ತು, ಬಿಡು ಎಂಬ ಎರಡೇ ಮಾತಿನ ಕೆಲಸ. ಅಪ್ಪ ಗಾಲಿಯ ಹತ್ತಿರ, ಕಾಕಾ ಒಳಗೆ, ನಾನು ನಡುವೆ. ಆ ದಿನ ನನಗೆ ಬಿಕ್ಕಳಿಕೆ ಹತ್ತಿತ್ತು. ಅಪ್ಪ "ಒತ್ತು" ಅನ್ನುತ್ತಿದ್ದ, ನಾನು ಬಿಕ್ಕಿ, ಉಸಿರು ಹಿಡಿದು "ಒತ್ತಂತ" ಅನ್ನುವಷ್ಟರಲ್ಲಿ ಅಪ್ಪ ತಿರುಪು ಸಡಲಿಸಿ ಆಗಿರುತ್ತಿತ್ತು. "ಬಿಡು" ಅನ್ನಬೇಕಾದಲ್ಲಿ ಇನ್ನೊಂದು ಬಿಕ್ಕು. ಗಾಳಿ ಹೋದದ್ದಕ್ಕಿಂತ ಬಂದದ್ದೇ ಹೆಚ್ಚು. ಮಧ್ಯಾಹ್ನದ ಊಟ ಆರಿತು, ಎಣ್ಣೆಯ ಡಬ್ಬಿ ಖಾಲಿಯಾಗುತ್ತ ಬಂತು, ಇಬ್ಬರೂ ಗಂಭೀರವಾಗಿ ಮೊದಲಿನಿಂದ ಶುರುಮಾಡುತ್ತಿದ್ದರು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಕಾಕು ಒಮ್ಮೆಲೇ ನಕ್ಕಳು. ಸಣ್ಣ ನಗೆಯಲ್ಲ, ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಗಾಲಿಯ ಹಿಂದಿನಿಂದ ತಲೆ ಎತ್ತಿದ, ಕಾಕಾ ಬಾಗಿಲಿನಿಂದ ಹೊರಗೆ ನೋಡಿದ.

"ಅಲ್ರೀ, ಇಬ್ಬರ ಕಿವೀನೂ ಸುದ್ದ ಅವ. ಆ ಕೂಸಿನ ಗಂಟಲಾ ಯಾಕ ಒಣಗಿಸ್ತೀರಿ?" ಎಂದಳು.

ಕೂಸು ಎಂಬ ಶಬ್ದವನ್ನು ಆ ಅಂಗಳದಲ್ಲಿ ಅಷ್ಟು ವರ್ಷ ಯಾರೂ ಆಡಿರಲಿಲ್ಲ. ಆಕೆಗೂ ಅದು ಗೊತ್ತಾಯಿತು. ಗೊತ್ತಾದರೂ ನಿಲ್ಲಲಿಲ್ಲ. ಎದ್ದು ಬಂದು ಕಾಕಾನಿಗೆ "ನೀವು ಇಳೀರಿ, ನಾ ಕೂಡ್ತೀನಿ" ಎಂದಳು. ಕಾಕಾ ಇಳಿದ. ಆಕೆ ಸೀರೆ ಸರಿಮಾಡಿಕೊಂಡು ಸ್ಟೇರಿಂಗಿನ ಮುಂದೆ ಕೂತಳು. "ಹೂಂ, ಹೇಳ್ರಿ ಭಾವನವರ." ಅಪ್ಪ ಒತ್ತು ಅಂದ, ಆಕೆ ಒತ್ತಿದಳು, ಬಿಡು ಅಂದ, ಬಿಟ್ಟಳು. ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯಿತು. ಇಳಿಯುವ ಮುಂದೆ ಆಕೆ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು "ಇದನ್ನ ಹೊಡಿಲಿಕ್ಕೆ ನನಗ ಕಲಸ್ರಿ" ಎಂದಳು. ಯಾರನ್ನು ಕೇಳಿದಳು ಎಂಬುದು ಸ್ಪಷ್ಟವಿರಲಿಲ್ಲ. ಕಾಕಾ ಕೈ ಒರೆಸಿಕೊಳ್ಳುತ್ತ ಒಳಗೆ ಹೋದ. ಅಪ್ಪ ತಿರುಪಿಗೆ ಟೋಪಿ ಹಾಕುತ್ತ "ನಾಳೆ ಸಂಜೀಕ" ಎಂದ.

ಕೆನಾಲಿನ ಪಕ್ಕದ ಮಣ್ಣಿನ ದಾರಿಯಲ್ಲಿ ಅಪ್ಪ ಆಕೆಗೆ ಕಾರು ಕಲಿಸಿದ. ನಾನು ಹಿಂದಿನ ಸೀಟಿನಲ್ಲಿರುತ್ತಿದ್ದೆ. ಭಾವನ ಪಕ್ಕ ಒಬ್ಬಳೇ ಕೂತು ಹೋಗುವುದು ಸರಿಯಲ್ಲ ಎಂದು ಅವ್ವ ನನ್ನನ್ನು ಕಳಿಸುತ್ತಿದ್ದಳು. ಅಪ್ಪ ಗಾಜಿನ ಕಡೆ ನೋಡುತ್ತಲೇ "ಕ್ಲಚ್ಚು ಸಾವಕಾಶ ಬಿಡು... ಹಾಂ... ಈಗ ಗೇರು" ಅನ್ನುತ್ತಿದ್ದ, ಬೇರೆ ಒಂದು ಮಾತೂ ಇಲ್ಲ. ಆಕೆ ಬೇಗ ಕಲಿತಳು. ಆಮೇಲೆ ಬೆಲ್ಟು ಹೇಗೆ ಹಾಕುವುದು, ಪ್ಲಗ್ಗು ಹೇಗೆ ತಿಕ್ಕುವುದು, ಜಾಕು ಎಲ್ಲಿ ಕೊಡುವುದು ಎಲ್ಲ ಕೇಳಿ ಕೇಳಿ ಕಲಿತಳು. ಗಲ್ಲಿಯ ಹೆಂಗಸರು ಮೊದಲು ನಕ್ಕರು, ಆಮೇಲೆ ಆಸ್ಪತ್ರೆಗೆ ಬಿಡಲು ಕರೆಯತೊಡಗಿದರು. ಕರೆದಾಗೆಲ್ಲ ಹೋಗುತ್ತಿದ್ದಳು.

ಒಂದು ದೀಪಾವಳಿಯ ರಜೆಯಲ್ಲಿ ಆಕೆ ನನ್ನನ್ನು ಕರೆದುಕೊಂಡು ತಾನೇ ಕಾರು ಹೊಡೆದುಕೊಂಡು ದೌಂಡಿಗೆ ಹೊರಟಳು. ಊರು ದಾಟಿ, ಕಬ್ಬಿನ ಹೊಲಗಳು ಶುರುವಾದ ಮೇಲೆ ಬಾನೆಟ್ಟಿನಿಂದ ಉಗಿ ಬಂತು. ಬೆಲ್ಟು ಹರಿದಿತ್ತು. ಆಕೆ ಕಾರನ್ನು ಜಾಲಿಗಿಡದ ಪಕ್ಕಕ್ಕೆ ತಂದು, ಹಿಂದಿನಿಂದ ಹೊಸ ಬೆಲ್ಟು ತೆಗೆದು, ಸೆರಗು ಸೊಂಟಕ್ಕೆ ಸಿಗಿಸಿ ಕೆಲಸಕ್ಕೆ ನಿಂತಳು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಮದತ್ ಪಾಹಿಜೆ ಕಾ ತಾಈ, ಸಹಾಯ ಬೇಕೇನು ಅಕ್ಕಾ, ಎಂದು ಕೇಳಿದ. ನಕೋ ದಾದಾ, ಝಾಲಂಚ್, ಬೇಡ, ಆಗಿಯೇ ಹೋಯಿತು, ಎಂದಳು. ನಿಜಕ್ಕೂ ಆಗಿಯೇ ಹೋಗಿತ್ತು. ಇನ್ನು ಎಂಜಿನ್ನಿನ ನೀರು ತಣ್ಣಗಾಗುವವರೆಗೆ ಕೂಡಬೇಕು. ಗಿಡದ ನೆರಳಲ್ಲಿ ರೊಟ್ಟಿ ಬುತ್ತಿ ಬಿಚ್ಚಿದೆವು. ಆಕೆ ಕೈಗೆ ಹತ್ತಿದ ಮಸಿಯನ್ನು ಹುಲ್ಲಿಗೆ ಒರೆಸುತ್ತ, ನನ್ನ ಕಡೆ ನೋಡದೆ, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದಳು.

"ಅದು ಕಾರಿನಿಂದ ಹೋಗಲಿಲ್ಲ, ಶೈಲೂ. ಹಿಂದಿನ ದಿನಾ ಮಧ್ಯಾಹ್ನದಿಂದನ ಒದಿಯೂದು ಬಿಟ್ಟಿತ್ತು. ಹೊಟ್ಟಿಯೊಳಗ ಮದಲ ಹೋಗಿತ್ತು ಅಂತ ಡಾಕ್ಟರ್ ಹೇಳಿದ್ರು."

"ಕಾಕಾಗ ಗೊತ್ತದ?"

"ನಮ್ಮಿಬ್ಬರ ಮುಂದನ ಹೇಳಿದ್ರು."

"ಮತ್ತ ಅಪ್ಪನ ಜೋಡಿ ಯಾಕ ಮಾತಾಡಂಗಿಲ್ಲ?"

"ನಾನೂ ಕೇಳೀನಿ. ಮದಲ ಬಾಯಾಗ ಮಾತ ಬರಲಿಲ್ಲಂತ, ಯಾರ ಜೋಡಿನೂ. ಆಮ್ಯಾಲೆ ಅಣ್ಣನ ಜೋಡಿ ಹೆಂಗ ಸುರು ಮಾಡೂದು ತಿಳೀಲಿಲ್ಲಂತ." ಆಕೆ ರೊಟ್ಟಿ ಮುರಿದಳು. "ಮತ್ತ ನಾ ಯಾಕ ಭಾವನವರಿಗೆ ಹೇಳಲಿಲ್ಲ ಅಂತ ಕೇಳು."

ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

"ಕಾರಿನಿಂದ ಅಲ್ಲ ಅಂದ್ರ ನನ್ನಿಂದ ಅಂತ ಆಗತದ. ಒದಿಯೂದು ನಿಂತದ್ದು ಗೊತ್ತಿದ್ದೂ ಯಾಕ ಸುಮ್ಮನ ಕೂತಿ ಅಂತ ಎಲ್ಲಾರೂ ಕೇಳ್ತಾರ. ಕಾರು ಇತ್ತು, ಎಲ್ಲಾರೂ ಅದನ್ನ ಅಂದ್ರು. ನಾ ಸುಮ್ಮನಾದೆ."

ಇದನ್ನು ಯಾರಿಗೆ ಹೇಳು ಎಂದು ಆಕೆ ಹೇಳಲಿಲ್ಲ. ಹೇಳಬೇಡ ಎಂದೂ ಹೇಳಲಿಲ್ಲ. ಆವರೆಗೆ ನನ್ನ ಕೈಗೆ ಬಂದ ಎಲ್ಲ ಮಾತಿಗೂ ಮುಟ್ಟಬೇಕಾದ ಒಬ್ಬ ಮನುಷ್ಯ ಇರುತ್ತಿದ್ದ. ದೌಂಡಿನಲ್ಲಿ ಇದ್ದಷ್ಟು ದಿನ, ಆಕೆಯ ಅಣ್ಣನ ಮಕ್ಕಳ ಜೊತೆ ಪಟಾಕಿ ಹಚ್ಚುವಾಗಲೂ, ಅದು ನುಂಗಿದ ಗೋಲಿಯಂತೆ ಒಳಗೇ ಕೂತಿತ್ತು.

ತಿರುಗಿ ಬಂದ ಮರುದಿನ ಬೆಳಿಗ್ಗೆ ಅಪ್ಪ ಒಬ್ಬನೇ ಪಂಪಿನ ಮುಂದೆ ಕೂತಿದ್ದ. ಪಂಪು ಸೋರುತ್ತಿತ್ತು. ನಾನು ಹತ್ತಿರ ಹೋಗಿ ನಿಂತು, ದೌಂಡಿನ ದಾರಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ, ಎಂದಿನ ಹಾಗೆ ದನಿ ತೆಗೆದು. ಅಷ್ಟು ಉದ್ದದ ಮಾತನ್ನು ನಾನು ಹಿಂದೆ ಎಂದೂ ದಾಟಿಸಿರಲಿಲ್ಲ. ಅಪ್ಪನ ಕೈಯಲ್ಲಿದ್ದ ಪಾನಾ ನಟ್ಟಿನ ಮೇಲೆ ಹಾಗೇ ನಿಂತಿತು. ಅವನು ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ.

"ಆಕಿಗೆ ಯಾರರ ಏನರ ಅಂದಾರೇನು?" ಎಂದು ಕೇಳಿದ.

"ಇಲ್ಲ. ಯಾರಿಗೂ ಗೊತ್ತಿಲ್ಲ."

"ನಿಮ್ಮವ್ವಗ?"

"ಇಲ್ಲ."

"ಹಂಗಾದ್ರ ಇದ್ದದ್ದು ಇದ್ದಂಗ ಇರ್ಲಿ. ಅನ್ನೋರು ಕಾರಿಗೇ ಅನ್ನಲಿ. ನನಗ ರೂಢಿ ಆಗೇದ."

ಅಷ್ಟು ಹೇಳಿ ಮತ್ತೆ ಪಂಪಿಗೆ ಬಗ್ಗಿದ. ನಟ್ಟು ಬಿಚ್ಚಿದ, ಸವೆದ ವಾಶರ್ ತೆಗೆದು ಬೆಳಕಿಗೆ ಹಿಡಿದ. ಕಾಕಾ ಸ್ನಾನ ಮುಗಿಸಿ ಹೊರಗೆ ಬಂದು ಹಗ್ಗದ ಮೇಲೆ ಪಂಚೆ ಹಾಕುತ್ತಿದ್ದ. ಅಪ್ಪ ತಲೆ ಎತ್ತದೆ ಕೇಳಿದ:

"ವಸಂತಾ, ಇದರ ವಾಶರ್ ಎಲ್ಲಿಟ್ಟಿ?"

ಕಾಕಾ ನನ್ನ ಕಡೆ ನೋಡಿದ. ನಾನು ಸುಮ್ಮನೆ ನಿಂತೆ. ಹಗ್ಗದಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು.

"ಕಪಾಟಿನ್ಯಾಗ ಅದ, ಅಣ್ಣಾ. ಹಳದಿ ಡಬ್ಬಿಯೊಳಗ," ಎಂದ ಕಾಕಾ. ತಾನೇ ಹೋಗಿ ತಂದುಕೊಟ್ಟ.

ಮಾತು ತಿರುಗಿ ಬಂತು ಎಂದು ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಬಂದದ್ದು ಮಾತ್ರ ನಟ್ಟು, ಎಣ್ಣೆ, ಬೆಲ್ಟಿನ ಮಾತು. ಊರಿನ ಮಾತು, ಅಜ್ಜನ ಮಾತು, ಹಳೆಯ ಜಗಳ ಯಾವುದೂ ಬರಲಿಲ್ಲ. ನನ್ನ ಮಣೆ ಪೇರಲ ಗಿಡದ ಬುಡದಲ್ಲೇ ಬಿದ್ದು ಗೆದ್ದಲು ಹಿಡಿಯಿತು. ನನಗೆ ಹಗುರಾಯಿತೇ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ರವಿವಾರ ಏನು ಮಾಡಬೇಕೆಂದು ತಿಳಿಯದೆ ಮನೆಯೊಳಗೆ ಓಡಾಡಿದ್ದಷ್ಟೇ ನೆನಪಿದೆ.

ಎಷ್ಟೋ ವರ್ಷಗಳ ನಂತರ, ನಾನು ಬಸುರಿಯಾದಾಗ, ನನಗೆ ಕುಬಸ ಮಾಡಿದ್ದು ಅದೇ ಅಂಗಳದಲ್ಲಿ. ಅಷ್ಟರಲ್ಲಿ ಹಡಪಸರದ ತುಂಬ ಗಾಜಿನ ಕಚೇರಿಗಳು ಎದ್ದಿದ್ದವು, ನಮ್ಮ ಗಲ್ಲಿಯ ಎರಡೂ ಬದಿಗೆ ಮಹಡಿ ಮನೆಗಳಾಗಿದ್ದವು. ಹಸಿರು ಸೀರೆ, ಹಸಿರು ಬಳೆ ಹಾಕಿ ನನ್ನನ್ನು ಕೂಡಿಸಿ ಆರತಿ ಮಾಡಿದರು. ಆಮೇಲೆ ಪತ್ರಾದ ನೆರಳಲ್ಲಿ ಎಲೆ ಹಾಕಿದರು, ಒಂದು ಸಾಲು ಗಂಡಸರು, ಎದುರಿಗೆ ನಾವು. ಧಾರವಾಡದಿಂದ ಅಪ್ಪನ ಸೋದರತ್ತೆ ಬಂದಿದ್ದಳು. ಬಹಳ ವಯಸ್ಸಾದ ಆ ಮುದುಕಿ ಹೋಳಿಗೆ ಮುರಿಯುತ್ತ, ಚಪ್ಪರದ ಕೆಳಗಿದ್ದ ಕಾರಿನ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಗುರುನಾಥಾ, ಈ ಸಲ ಅದನ್ನ ಬಿಚ್ಚಬ್ಯಾಡಪಾ. ಒಂದು ಕೂಸಿನ್ನ ಕಳಕೊಂಡದ್ದು ಸಾಕು."

"ಇಲ್ಲ ಅತ್ಯಾ, ಬಿಚ್ಚೂದಿಲ್ಲ," ಎಂದ ಅಪ್ಪ. ಅವನ ಕೈ ಅನ್ನ ಕಲಸುತ್ತಲೇ ಇತ್ತು.

ಕಾಕು ಕಟ್ಟಿನ ಸಾರು ಬಡಿಸುತ್ತ ಬರುತ್ತಿದ್ದಳು. ನನ್ನ ಎಲೆಯ ಮುಂದೆ ನಿಂತಳು. ಸಾರಿನ ಪಾತ್ರೆ ಕೆಳಗಿಟ್ಟು, ನನ್ನೆದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಶೈಲೂ, ಇಲ್ಲಿ ಕೇಳು. ಒದಿಯೂದು ಕಮ್ಮಿ ಆತು ಅನಿಸಿದ ಕೂಡ್ಲೆ ದವಾಖಾನಿಗೆ ಹೋಗು. ಹಗಲಿರಲಿ ರಾತ್ರಿ ಇರಲಿ, ಯಾರನ್ನೂ ಕೇಳಬ್ಯಾಡ. ನಂದು ಹಿಂದಿನ ದಿನಾನ ನಿಂತಿತ್ತು. ಕಾರಿನಿಂದ ಏನೂ ಆಗಿಲ್ಲ, ಭಾವನವರದು ಏನೂ ತಪ್ಪಿಲ್ಲ. ಮಲಗೇದ ಅಂತ ತಿಳಕೊಂಡಿದ್ದೆ ನಾನು. ನೀ ಹಂಗ ತಿಳಕೋಬ್ಯಾಡ."

ಯಾರೂ ಉಣ್ಣುತ್ತಿರಲಿಲ್ಲ. ಅವ್ವ ಹೋಳಿಗೆಯ ಪರಾತ ಹಿಡಿದು ನಿಂತಲ್ಲೇ ನಿಂತಳು. ಸೋದರತ್ತೆ ಏನೋ ಕೇಳಲು ಬಾಯಿ ತೆರೆದು, ಕಾಕುವಿನ ಮುಖ ನೋಡಿ, ಮುಚ್ಚಿಕೊಂಡಳು. "ಹೂಂ ಕಾಕು" ಎಂದೆ ನಾನು. ಅಪ್ಪ ಕೈಯನ್ನು ಎಲೆಯಲ್ಲೇ ಇಟ್ಟು ತಲೆ ತಗ್ಗಿಸಿ ಕೂತಿದ್ದ, ಭುಜ ಅಲ್ಲಾಡುತ್ತಿತ್ತೋ ಇಲ್ಲವೋ ನನಗೆ ಹೇಳಲಾಗದು. ಆಗ ಅವನ ಪಕ್ಕದಲ್ಲಿ ಕೂತಿದ್ದ ಕಾಕಾ ಎಡಗೈಯಿಂದ ತುಪ್ಪದ ಗಿಂಡಿ ಎಳೆದುಕೊಂಡ. ನಮ್ಮ ಮನೆಯಲ್ಲಿ ಗಂಡಸರು ಬಡಿಸುವ ರೂಢಿಯಿಲ್ಲ. ಅವನು ಅಣ್ಣನ ಹೋಳಿಗೆಯ ಮೇಲೆ ತುಪ್ಪ ಹಾಕಿದ, ಹಾಕುತ್ತಲೇ ಹೋದ. ತುಪ್ಪ ಹೋಳಿಗೆ ತುಂಬಿ, ಎಲೆಯ ಅಂಚಿಗೆ ಹರಿದು ಬಂತು. ಅಪ್ಪ ಸಾಕು ಅನ್ನಲಿಲ್ಲ.